ಅಕ್ಕನ ಟಾನಿಕ್

ಮಾರ್ಚ್ ೧೪, ಗುರುವಾರ

ಇವತ್ತು ಲ್ಯಾಬಿನ ತಟ್ಟೆಯಲ್ಲಿ ಕ್ಷಯದ ಕ್ರಿಮಿಗಳ ಹೊಟ್ಟೆಯ ಮೇಲೆ ಹೊಡೆದೆ. ಅವು ಹೊಕ್ಕಿದ್ದ ಜೀವಕೋಶಗಳ ಮೇಲೆ, ಸೋಂಕು ಬಂದಾಗ ದೇಹ ಹೊರಡಿಸುವ ಎಚ್ಚರಿಕೆಯ ರಾಸಾಯನಿಕ ಸಂಕೇತವನ್ನು ಹನಿಸಿದೆ. ಕೋಶಗಳು ತಮ್ಮಲ್ಲಿದ್ದ ಕಬ್ಬಿಣವನ್ನು ಹೊರಗೆ ಹಾಕಿದವು. ಆ ಕಬ್ಬಿಣವೇ ಆಹಾರವಾಗಿದ್ದ ಕ್ರಿಮಿಗಳು ಉಪವಾಸ ಬಿದ್ದು ಸೊರಗಿದವು. ಸೊರಗಲಿ. ನನ್ನ ಅಕ್ಕನೂ ಹೀಗೇ ಸೊರಗಿ ಹೋದಳು.

ಕಬ್ಬಿಣ ಬೆರೆಸಿದ್ದ ಪಕ್ಕದ ತಟ್ಟೆಯಲ್ಲಿ ಮಾತ್ರ ಅವು ಕೊಬ್ಬಿ ಕೂತಿದ್ದವು.

“ಅಳಿಯನಿಗೆ ಬಡಿಸಿದ ಹಾಗೆ ಬಡಿಸಿದ್ದೀಯಲ್ಲಮ್ಮ!” ಎಂದು ಲ್ಯಾಬಿನ ಮೇಡಂ ನಕ್ಕರು. ನನಗೆ ನಗು ಬರಲಿಲ್ಲ.

ಅಕ್ಕ ಬಿಳಿಚಿಕೊಂಡಾಗ, ಕ್ಷಯವೆಂದು ಗೊತ್ತಾಗುವ ಮೊದಲು, ಕಬ್ಬಿಣದ ಟಾನಿಕ್ ತಂದವಳು ನಾನು. “ಬೇಡ ಕಣೇ, ವಾಕರಿಕೆ ಬರುತ್ತೆ” ಅಂದರೂ ಮೂರು ತಿಂಗಳು ಬಿಡದೆ ಚಮಚದಲ್ಲಿ ಕುಡಿಸಿದೆ.

ನಾಳೆ ಆ ತಟ್ಟೆಯನ್ನೂ ಉಪವಾಸ ಕೆಡವುತ್ತೇನೆ, ಒಂದು ಕ್ರಿಮಿಯನ್ನೂ ಬಿಡುವುದಿಲ್ಲ. ಆಮೇಲೆ ಉಳಿಯುವವಳು ಚಮಚ ಹಿಡಿದವಳು. ಅವಳನ್ನು ಏನು ಮಾಡಲಿ?