ಕರಿಯವ್ವನಿಗೆ ಜೊತೆ

ಅಟ್ಟೂರು
ಗುರುವಾರ ಬೆಳಿಗ್ಗೆ

ಗೌರಮ್ಮನವರಿಗೆ, ಮೇಲಿನ ಮನೆಯ ಶಿವಲೀಲಾಳ ಶರಣು.

ನೀವು ಕೊಟ್ಟ ಬೆಕ್ಕಿನ ಮರಿಯನ್ನು ಅದೇ ಬುಟ್ಟಿಯಲ್ಲಿ ವಾಪಸ್ ಇಟ್ಟಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. "ಇಂಗೆ ಒಂಟಿಯಾಗಿದ್ರೆ ನಿನ್ ಬೆಕ್ಕು ಮಂಕಾಗ್ತದೆ ಕಣಮ್ಮ, ಅದ್ಕೊಂದು ಜೊತೆ ಬೇಕು" ಎಂದು ನೀವು ಹೇಳಿದಾಗ ನಾನೂ ನಂಬಿದ್ದೆ. ನನ್ನ ಬೆಕ್ಕು ಕರಿಯವ್ವ ನಾನಿಟ್ಟ ಮೊಸರನ್ನವನ್ನು ಮೂಸಿಯೂ ನೋಡದೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳಲ್ಲ.

ನಿನ್ನೆ ಜ್ವರ ಬಂದು ಫ್ಯಾಕ್ಟರಿಯಿಂದ ಮಧ್ಯಾಹ್ನವೇ ಬಂದೆ. ನಿಮ್ಮ ಜಗಲಿಯ ಮೇಲೆ ಮೀನಿನ ಮುಳ್ಳು ಬಿದ್ದಿತ್ತು. ಕರಿಯವ್ವ ನಿಮ್ಮ ತೊಡೆಯ ಮೇಲೆ ಮಲಗಿದ್ದಳು, ನೀವೂ ತೂಕಡಿಸುತ್ತಿದ್ದಿರಿ. ಎಬ್ಬಿಸಲು ಮನಸ್ಸಾಗದೆ ಮೆಟ್ಟಿಲು ಹತ್ತಿ ಹೋದೆ.

ಅವಳಿಗೆ ಜೊತೆ ಇದೆ, ಇನ್ನೊಂದು ಬೆಕ್ಕು ಬೇಕಿಲ್ಲ. ನಾವು ಲಿಂಗಾಯತರು, ಮನೆಯೊಳಗೆ ಮೀನು ತರುವಂತಿಲ್ಲ. ನೀವು ಹಾಕುವುದನ್ನು ಬೇಡ ಎನ್ನಲೂ ಆರೆ. ಆದರೆ ನಾಲ್ಕು ಗಂಟೆಯ ಮೇಲೆ ಏನೂ ಹಾಕಬೇಡಿ. ಹಸಿದು ಬಂದರೆ ಮೊಸರನ್ನವನ್ನಾದರೂ ತಿಂದಾಳು.

ಊಟಕ್ಕೆ ಕೂತಾಗ ನನಗೂ ಎದುರಿಗೆ ಒಬ್ಬರು ಬೇಕು.

ನಿಮ್ಮ,
ಶಿವಲೀಲಾ