ನೀಲಿ ಹಕ್ಕಿಗಳ ಜಲಪಾತ

ಮಗಳೇ,

ಅಮ್ಮನಿಗೆ ತೋರಿಸಲು ದೇಶದ ಒಳ್ಳೊಳ್ಳೆ ಜಾಗಗಳ ಪಟ್ಟಿ ಕೇಳಿದ್ದೀಯ. ಇಪ್ಪತ್ತಾರು ವರ್ಷ ಪ್ರವಾಸಿ ಬಸ್ಸು ಓಡಿಸಿದ ನನಗೆ ಗೊತ್ತಿರುವುದು ಬಸ್ಸು ನಿಲ್ಲಿಸುವ ಜಾಗಗಳು ಮಾತ್ರ. ಜನ ಇಳಿದು ನೋಡಲು ಹೋದರೆ ನಾನು ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಮುಂದಿನ ಊರಿಗೆ ಓಡಿಸಬೇಕಲ್ಲ. ಅಮ್ಮನಿಗೆ ಹೇಳಿದ್ದೆಲ್ಲ ಪ್ರಯಾಣಿಕರ ಮಾತು, ಮೇಲೆ ನಾನು ಹಚ್ಚಿದ ಉಪ್ಪುಖಾರ.

ನಿನ್ನೆ ಕಣ್ಣಿನ ಡಾಕ್ಟರು, "ತೋರಿಸೋದೇನಿದ್ರೂ ಚಳಿಗಾಲದೊಳಗೆ ತೋರಿಸಿಬಿಡಿ" ಅಂದರು. ಅಮ್ಮ ದಾರಿಯಲ್ಲೇ ಶುರು ಮಾಡಿದಳು: "ಬೇರೇನೂ ಬೇಡ ಕಣ್ರೀ, ನೀವು ಹೇಳ್ತಿದ್ರಲ್ಲ, ಆ ನೀಲಿ ಹಕ್ಕಿಗಳ ಜಲಪಾತ ಒಂದು ಸಾಕು." ಬಟ್ಟೆಯನ್ನೂ ಚೀಲಕ್ಕೆ ತುಂಬಿಟ್ಟಿದ್ದಾಳೆ.

ಅಂಥದ್ದು ಎಲ್ಲಾದರೂ ಇದೆಯೇ, ವಿಚಾರಿಸು. ಇಲ್ಲದಿದ್ದರೆ ಏನಾದರೂ ನೆಪ ಹೇಳಿ, ಚಳಿಗಾಲ ಕಳೆದ ಮೇಲಕ್ಕೆ ಟಿಕೆಟ್ ಮಾಡಿಸು. ಆಗ ಯಾವ ಜಲಪಾತವಾದರೂ ನಡೆಯುತ್ತದೆ. ಹಕ್ಕಿಗಳನ್ನು ನಾನೇ ಪಕ್ಕದಲ್ಲಿ ಕೂತು ಹೇಳುತ್ತೇನೆ.

ಓದಿದ ಮೇಲೆ ಈ ಕಾಗದ ಹರಿದುಹಾಕು.

ನಿನ್ನ ಅಪ್ಪ