ಬರ್ತೀನ್ರಿ ಅಂದವರು

ನಾರಾಯಣಗೂಡ, ಹೈದರಾಬಾದ್

ಮಗಳು ಶಿವಗಂಗಾಗೆ,

ವ್ಯಾಪಾರ ಕಲಿಯಲೆಂದು ಕಾಲೇಜಿನವರು ನಿನ್ನನ್ನು ಫಿನ್‌ಲ್ಯಾಂಡಿನ ಹುಡುಗಿ ಐನೊ ಮನೆಗೆ ಕಳಿಸಿದರು, ಬದಲಿಗೆ ಅವಳನ್ನು ನಮ್ಮ ಮನೆಗೆ ತಂದುಬಿಟ್ಟರು. ಅವಳು ದಿನಾ ನಮ್ಮ ಖಾನಾವಳಿಯಲ್ಲಿ ಕೂತು ನಮ್ಮ ಮಾತು ಕಲಿಯುತ್ತಿದ್ದಳು. ಉಂಡವರು ಏಳುವಾಗ “ಬರ್ತೀನ್ರಿ ಅಕ್ಕಾರ” ಅನ್ನುತ್ತಾರಲ್ಲ, ಅದರ ಅರ್ಥ ಕೇಳಿದಳು. ಹೇಳಿದೆ. ಹಾಗೆ ಅಂದು ಹೋದವರಿಗೆಲ್ಲ ಮರುದಿನ ತಾಟು ಹಾಕಿ ಕಾದಳು.

“ಹೊಂಟಾಗ ಎಲ್ಲಾರೂ ಹಂಗ ಅಂತಾರವಾ,” ಎಂದು ನಕ್ಕೆ.

“ಬರ್ತೀನಿ ಅಂದಾರಲ್ರೀ,” ಎಂದು ಮುಖ ಸಣ್ಣದು ಮಾಡಿದಳು.

ಸುದ್ದಿ ಕೇಳಿ ಗಿರಾಕಿಗಳು ನಾಚಿಕೊಂಡರು. ಈಗ ಅಂದವರೆಲ್ಲ ಬರುತ್ತಿದ್ದಾರೆ, ಜೋಳದ ಹಿಟ್ಟು ಸಾಲುತ್ತಿಲ್ಲ.

ನಿನ್ನೆ ಐನೊ ಊರಿಗೆ ಹೊರಟಳು. ಬಾಗಿಲಲ್ಲಿ ನಿಂತು “ಬರ್ತೀನ್ರಿ ಅವ್ವಾ” ಅಂದಳು. ಅವಳ ತಾಟು ನಾನಿನ್ನೂ ಎತ್ತಿಟ್ಟಿಲ್ಲ.

ನೀನು ಹೊರಡುವಾಗ ಅವಳ ತಾಯಿಗೆ ಅವರ ಭಾಷೆಯಲ್ಲೇ ‘ಬರ್ತೀನಿ’ ಅನ್ನು. ಬರೀ ಬಾಯಿಮಾತಿಗೆ ಅನ್ನಬೇಡ. ಅವರು ತಾಟು ಹಾಕಿ ಕಾಯುವ ಜನ.

ನಿನ್ನ ಅವ್ವ,
ಗುರುದೇವಿ